ಬ್ರಷಿ ಫೋರ್ಕಿನ ಮೂವತ್ತೆಂಟು ಕಲ್ಲು

ವಿಲ್ಲಿ ಅತ್ತೆಯ ಬಳಿ ತನ್ನ ತಾಯಿಯದು ಎಂದು ತೋರಿಸುವಂಥದ್ದು ಏನೂ ಇರಲಿಲ್ಲ. ಫೋಟೋ ಇರಲಿಲ್ಲ, ಕೈಬರಹ ಇರಲಿಲ್ಲ, ಉಂಗುರ ಇರಲಿಲ್ಲ. ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಸಾಂಕ್ರಾಮಿಕ ಜ್ವರದಲ್ಲಿ ತಾಯಿ ಸತ್ತಾಗ ಅವಳಿಗೆ ಎಂಟು ವರ್ಷ. ಮುಖ ಕೂಡ ನೆನಪಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಇದ್ದದ್ದು ನಮ್ಮೂರು ಬ್ರಷಿ ಫೋರ್ಕಿನ ಸ್ಮಶಾನದಲ್ಲಿ ಒಂದು ಕಲ್ಲು. ಅದರ ಮೇಲೂ ಹೆಸರಿರಲಿಲ್ಲ.

ನಮ್ಮ ಬೆಟ್ಟಗಳಲ್ಲಿ ಹಳೆಯ ಗೋರಿಗಳೆಲ್ಲ ಹಾಗೆಯೇ. ಹೊಲದಿಂದಲೋ ಹಳ್ಳದಿಂದಲೋ ಒಂದು ಕಲ್ಲು ಹೊತ್ತು ತಂದು ತಲೆಯ ಕಡೆ ನೆಟ್ಟರೆ ಮುಗಿಯಿತು. ಕೆತ್ತುವವರು ಇರಲಿಲ್ಲ, ಓದುವವರೂ ಕಡಿಮೆ. ಯಾವ ಕಲ್ಲು ಯಾರದು ಅನ್ನುವುದು ಮನೆಯವರ ತಲೆಯಲ್ಲಿ ಇರುತ್ತಿತ್ತು. ಜೂನ್ ತಿಂಗಳ ಎರಡನೇ ಭಾನುವಾರ ಡೆಕೊರೇಷನ್. ಅವತ್ತು ಎಲ್ಲರೂ ಹೂವು ತಂದು ಗೋರಿಗಳಿಗೆ ಇಟ್ಟು, ಅಲ್ಲೇ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಮಕ್ಕಳನ್ನು ಕೈಹಿಡಿದು ಸುತ್ತಿಸಿ, ಇದು ನಿನ್ನ ತಾತ, ಇದು ಹುಟ್ಟಿದ ದಿನವೇ ಹೋದ ನಿನ್ನ ದೊಡ್ಡಪ್ಪ ಎಂದು ಹೇಳಿಕೊಡುತ್ತಿದ್ದರು. ಎಪ್ಪತ್ತಮೂರರಲ್ಲಿ ಚರ್ಚು ಸುಟ್ಟುಹೋದ ಮೇಲೆ ಅದೂ ನಿಂತಿತು. ಆಗ ನನಗೆ ಹತ್ತು ವರ್ಷ. ನನಗೆ ನೆನಪಿರುವುದು ಒಂದೇ ಕಲ್ಲು. ಅದರ ಮೇಲೆ ಕೂತು ಕೋಳಿ ತಿಂದಿದ್ದೆ, ಯಾರೋ ಬೈದಿದ್ದರು.

ಎಂಬತ್ತೆಂಟರಲ್ಲಿ ನಾನು ಹ್ಯಾಡನ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಕೌಂಟಿಯ ಇತಿಹಾಸದ ಪುಸ್ತಕ ತರಬೇಕೆಂದು ಒಂದು ಸಮಿತಿ ಆಯಿತು. ನಮ್ಮಲ್ಲಿ ನಲವತ್ತಮೂರು ಊರು. ಊರು ಅನ್ನುವುದೂ ದೊಡ್ಡ ಮಾತು, ಒಂದೊಂದು ಹಳ್ಳದ ಗುಂಟ ಹತ್ತಿಪ್ಪತ್ತು ಮನೆ ಅಷ್ಟೆ. ಊರಿಗೊಂದು ಪುಟ, ಪುಟಕ್ಕೊಂದು ಫೋಟೋ. ಬ್ರಷಿ ಫೋರ್ಕ್ ನನ್ನ ಊರಾದ್ದರಿಂದ ಅದರ ಪುಟ ನನ್ನ ಪಾಲಿಗೆ ಬಂತು. ಬರೆಯುವುದು ಕಷ್ಟವಾಗಲಿಲ್ಲ, ಆದರೆ ಫೋಟೋ ತೆಗೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಅಂಚೆ ಕಚೇರಿ ಮುಚ್ಚಿ ಮೂವತ್ತು ವರ್ಷ. ಶಾಲೆಯ ಹಲಗೆಗಳನ್ನು ಯಾರೋ ಬಿಚ್ಚಿಕೊಂಡು ಹೋಗಿ ತಂಬಾಕು ಒಣಗಿಸುವ ಕೊಟ್ಟಿಗೆಗೆ ಹೊಡೆದಿದ್ದರು. ಚರ್ಚಿನ ಜೊತೆ ಹುಟ್ಟುಸಾವಿನ ದಾಖಲೆ ಪುಸ್ತಕವೂ ಬೂದಿಯಾಗಿತ್ತು. ಉಳಿದದ್ದು ಸ್ಮಶಾನ. ಅದರಲ್ಲಿ ಎದೆಯುದ್ದ ಮುಳ್ಳು.

ಹಾಗಾಗಿ ನಾನು ಅದನ್ನು ಸ್ವಚ್ಛ ಮಾಡಿಸಿದೆ.

ಈ ವಾಕ್ಯವನ್ನು ಎಷ್ಟು ಸಲ ಬರೆದರೂ ಅದರಲ್ಲಿ ತಪ್ಪು ಎಲ್ಲಿದೆ ಎಂದು ನನಗೆ ಕಾಣುವುದಿಲ್ಲ. ವಿಲ್ಲಿ ಅತ್ತೆ ನನ್ನ ಅಜ್ಜನ ತಂಗಿ, ಮನೆಯಲ್ಲಿ ಎಲ್ಲರಿಗೂ ಅತ್ತೆ. ಅವಳ ಮಗ ಗಾರ್ಲೆಂಡ್ ಮಾವ ಟ್ರ್ಯಾಕ್ಟರ್ ತಂದ. ಏಪ್ರಿಲ್ ತಿಂಗಳ ಎರಡು ಶನಿವಾರ ನಾವಿಬ್ಬರೂ ಬೆಳಗಿನಿಂದ ಸಂಜೆವರೆಗೆ ದುಡಿದೆವು. ಮುಳ್ಳು ಹೋದ ಮೇಲೆ ಕಲ್ಲುಗಳು ಕಂಡವು. ಕೆಲವು ನಿಂತಿದ್ದವು, ಬಹುಪಾಲು ಮಲಗಿದ್ದವು. ಎರಡನೇ ಶನಿವಾರ ಮಾವ ಹುಲ್ಲು ಕತ್ತರಿಸುವ ಗಾಡಿ ಹತ್ತಿ ಎರಡು ಸುತ್ತು ಹೋದ. ಕಲ್ಲಿಗೆ ತಾಗಿ ಅದರ ಅಲಗು ಮುರಿಯಿತು.

"ಟ್ವೈಲಾ, ಈ ಕಲ್ಲು ಇರೋವರೆಗೂ ಇಲ್ಲಿ ಯಾರೂ ಹುಲ್ಲು ಕತ್ತರ್ಸಲ್ಲ. ಮುಂದಿನ ವರ್ಷ ಮತ್ತೆ ಇದೇ ಕಾಡು ಆಗುತ್ತೆ ನೋಡು," ಎಂದ.

ಮಾತು ಸರಿ ಇತ್ತು. ಕಲ್ಲುಗಳನ್ನು ಕಿತ್ತು ಬೇಲಿಯ ಪಕ್ಕ ಒಂದರ ಮೇಲೊಂದು ಅಂದವಾಗಿ ಜೋಡಿಸಿದೆವು. ದೊಡ್ಡವನ್ನು ಅವನು, ಚಿಕ್ಕವನ್ನು ನಾನು. ಗೋರಿಗಳು ಕುಸಿದು ಆಗಿದ್ದ ತಗ್ಗುಗಳಿಗೆ ಎರಡು ಲಾರಿ ಮಣ್ಣು ಸುರಿದು ಹುಲ್ಲಿನ ಬೀಜ ಚೆಲ್ಲಿದೆವು. ನಡುವೆ ಒಂದು ಹಳೆಯ ಸೀಡರ್ ಮರವಿತ್ತು, ಅರ್ಧ ಒಣಗಿದ್ದು, ಫೋಟೋದಲ್ಲಿ ನೆರಳು ಬೀಳುತ್ತದೆ ಎಂದು ಅದಕ್ಕೆ ಸರಪಳಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಬೇರುಸಹಿತ ಎಳೆಸಿದೆ. ಅದರ ಹಲಗೆಯಲ್ಲಿ ಮಾವ "ಬ್ರಷಿ ಫೋರ್ಕ್ ಸ್ಮಶಾನ" ಎಂದು ಕೊರೆದು ಗೇಟಿಗೆ ಹೊಡೆದ. ಅಕ್ಷರ ಚೆನ್ನಾಗಿ ಬಂದಿದ್ದವು.

ಮೇ ತಿಂಗಳಲ್ಲಿ ಹುಲ್ಲು ಚಿಗುರಿತು. ಫೋಟೋ ತೆಗೆದೆ. ಕೌಂಟಿಯ ಪತ್ರಿಕೆಯವರೂ ಅದನ್ನು ಹಾಕಿದರು, ಈ ವರ್ಷ ಡೆಕೊರೇಷನ್ ಮತ್ತೆ ಶುರು ಎಂದು ಕೆಳಗೆ ಬರೆದರು. ಸಮಿತಿಯ ಅಧ್ಯಕ್ಷೆ ನನ್ನ ಬೆನ್ನು ತಟ್ಟಿದಳು. ವಿಲ್ಲಿ ಅತ್ತೆ ಮೊಣಕಾಲು ನೋವಿನಿಂದ ಹನ್ನೆರಡು ವರ್ಷ ಸ್ಮಶಾನದ ಗುಡ್ಡ ಹತ್ತಿರಲಿಲ್ಲ. ಪತ್ರಿಕೆಯನ್ನು ಮೂಗಿಗೆ ಹತ್ತಿರ ಹಿಡಿದು, "ಎಷ್ಟು ನೀಟಾಗಿದೆ ಕಣೇ, ಹಾಸಿಗೆ ಹಾಸಿದಂಗೆ," ಎಂದಳು. ಕಲ್ಲುಗಳು ಎಲ್ಲಿ ಎಂದು ಅವಳು ಕೇಳಲಿಲ್ಲ. ನಾನು ಹೇಳಬೇಕು ಅಂತಲೂ ನನಗೆ ಹೊಳೆಯಲಿಲ್ಲ.

ಅವಳು ಅದೇ ವಾರ ಕೌಂಟಿ ಪಟ್ಟಣದಲ್ಲಿ ತಾಯಿಯ ಹೆಸರಿನ ಒಂದು ಕಲ್ಲು ಕೆತ್ತಿಸಲು ಕೊಟ್ಟಳು. ಬೂದು ಗ್ರಾನೈಟು. ಲಾಕಿ ಸ್ಟಿಡಮ್, 1889–1918. ಸಾಯುವ ಮುಂಚೆ ಅವ್ವನ ತಲೆ ಹತ್ತಿರ ಹೆಸರು ನೆಡಬೇಕು, ತನ್ನನ್ನು ಅದರ ಪಕ್ಕದಲ್ಲೇ ಹಾಕಬೇಕು. ಬೇರೆ ಯಾವ ಆಸೆಯನ್ನೂ ಅವಳು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ.

ಡೆಕೊರೇಷನ್ನಿಗೆ ಮೂರು ದಿನ ಇರುವಾಗ, ಗುರುವಾರ, ಗ್ರಾನೈಟನ್ನು ಪಿಕಪ್ಪಿಗೆ ಹಾಕಿಕೊಂಡು ಮೂವರೂ ಗುಡ್ಡ ಹತ್ತಿದೆವು. ಗೇಟು ದಾಟಿ ಅತ್ತೆ ಕೋಲೂರಿ ನಿಂತಳು.

"ಸೀಡರ್ ಎಲ್ಲಿ?"

"ತೆಗ್ದೆ ಅಮ್ಮ. ಒಣಗಿತ್ತು," ಎಂದ ಮಾವ.

"ನಾನೂ ಒಣಗಿದೀನಿ. ನನ್ನನ್ನೂ ಸರಪಳಿ ಕಟ್ಟಿ ಎಳೀತೀಯೇನೋ?"

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಕಲ್ಲು?"

ನಾನು ಬೇಲಿಯ ಕಡೆ ಕೈ ತೋರಿಸಿದೆ. ಮೂವತ್ತೆಂಟು ಕಲ್ಲು, ಸೊಂಟದೆತ್ತರ, ಸೌದೆ ಒಟ್ಟಿದ ಹಾಗೆ. ಅವಳು ಅಲ್ಲಿಗೆ ಹೋದಳು. ಅತ್ತಳು ಅಂತ ಬರೆಯಬಹುದು, ಆದರೆ ಅಳಲಿಲ್ಲ. ಮೇಲಿದ್ದ ಒಂದು ಬಿಳಿ ಬೆಣಚುಕಲ್ಲಿನ ಮೇಲೆ ಅಂಗೈ ಇಟ್ಟಳು.

"ಇದೇ. ಅಪ್ಪ ಹಳ್ಳದಿಂದ ತಂದಿದ್ದು. ಕೋಟಿನಲ್ಲಿ ಸುತ್ಕೊಂಡು ತಂದ. ಸೀಡರ್‌ನಿಂದ ಕೆಳಗೆ, ಹಳ್ಳದ ಕಡೆ ಇತ್ತು. ಟ್ವೈಲಾ, ಇದನ್ನ ಯಾರು ಕಿತ್ತಿದ್ದು?"

"ನಾನೇ ಅತ್ತೆ."

"ಸೀಡರ್‌ಗಿಂತ ಕೆಳಗಿನ ಕಡೆಯಿಂದ ತಾನೇ?"

ಆ ಕಲ್ಲು ಎತ್ತಿದ್ದು ನನಗೆ ನೆನಪಿತ್ತು. ಚೆನ್ನಾಗಿದೆ ಅಂತ ರಾಶಿಯ ಮೇಲೆ ಇಟ್ಟಿದ್ದೆ. ಅದರ ತೂಕ, ತಣ್ಣಗಿನ ಬೆನ್ನು, ಕೈಗಂಟಿದ ಮಣ್ಣು, ಎಲ್ಲ ನೆನಪಿತ್ತು. ಯಾವ ಕಡೆಯಿಂದ ಬಗ್ಗಿ ಎತ್ತಿದೆ ಅನ್ನುವುದು ಮಾತ್ರ ಇರಲಿಲ್ಲ. ಮರದಿಂದ ಕೆಳಗಿನ ಇಳಿಜಾರಿನಲ್ಲಿ ಬಗ್ಗಿದ ಹಾಗೆ ಒಮ್ಮೆ ಕಂಡಿತು. ಮರದಿಂದ ಮೇಲಿನ ಕಡೆ ಬಗ್ಗಿದ ಹಾಗೆಯೂ ಕಂಡಿತು.

"ಹೌದು. ಕೆಳಗಿಂದ," ಎಂದೆ.

ಈಗ ಮರ ಎಲ್ಲಿತ್ತು ಅನ್ನುವುದು ಪ್ರಶ್ನೆಯಾಯಿತು. ಎಲ್ಲ ಕಡೆ ಒಂದೇ ಹಸಿರು. ಮಾವ ಒಂದು ಜಾಗ ತೋರಿಸಿದ, ನಾನು ಅದಕ್ಕಿಂತ ನಾಲ್ಕು ಮಾರು ಆಚೆ ತೋರಿಸಿದೆ, ಅತ್ತೆ ಇಬ್ಬರನ್ನೂ ಒಪ್ಪಲಿಲ್ಲ. ಕೊನೆಗೆ ಮಾವ ಪಿಕಪ್ಪಿನಿಂದ ಎರಡು ತಂತಿ ತಂದ. ಬಟ್ಟೆ ಹ್ಯಾಂಗರುಗಳನ್ನು ನೇರ ಮಾಡಿ ಒಂದು ತುದಿ ಬಗ್ಗಿಸಿದ್ದು. ಬಾವಿ ತೋಡುವ ಮುಂಚೆ ನೀರು ನೋಡುತ್ತಾರಲ್ಲ, ನಮ್ಮ ಕಡೆ ಗೋರಿಯನ್ನೂ ಹಾಗೇ ನೋಡುತ್ತಾರೆ. ಎರಡು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ನಡೆದರೆ, ಕೆಳಗೆ ಹೆಣ ಇದ್ದಲ್ಲಿ ತಂತಿ ಒಂದಕ್ಕೊಂದು ಅಡ್ಡ ಬೀಳುತ್ತವೆ. ಮಾವನಿಗೆ ಇದರಲ್ಲಿ ಹೆಸರಿತ್ತು. ಬೇರೆ ಕೌಂಟಿಯವರೂ ಕರೆಸುತ್ತಿದ್ದರು.

ಅವನು ನಡೆದ. ತಂತಿ ಅಡ್ಡ ಬಿದ್ದವು. ಎರಡು ಹೆಜ್ಜೆ ಇಟ್ಟ, ಮತ್ತೆ ಬಿದ್ದವು. ನಾನು ಹಿಂದೆ ಹಿಂದೆ ಕಡ್ಡಿ ನೆಡುತ್ತಾ ಹೋದೆ. ಅರವತ್ತು ದಾಟಿತು. ಬೇಲಿ ದಾಟಿ ರಸ್ತೆಯ ಮೇಲೆ ಹೋದ, ಅಲ್ಲೂ ಬಿದ್ದವು.

"ರಸ್ತೆ ಕೆಳಗೂ ಹೂತಿದಾರೇನೋ?" ಎಂದಳು ಅತ್ತೆ.

"ಇರಬಹುದು. ಕೌಂಟಿಯೋರು ರಸ್ತೆ ಹಾಕುವಾಗ ಯಾರನ್ನ ಕೇಳಿದ್ರು?"

"ನಿನ್ನ ತಂತಿಗೆ ನನ್ನ ಮೊಣಕಾಲು ತೋರ್ಸು, ಅದೂ ಸತ್ತಿದೆ. ಚಿಕ್ಕವನಿದ್ದಾಗ ಪ್ರತಿ ವರ್ಷ ಕರ್ಕೊಂಬಂದು ತೋರಿಸ್ತಿದ್ದೆ. ಏನು ನೋಡ್ತಿದ್ಯೋ ಆಗ?"

"ಕೋಳಿ ಬುಟ್ಟಿ ನೋಡ್ತಿದ್ದೆ ಅಮ್ಮ," ಎಂದ ಮಾವ. ಐವತ್ತು ವರ್ಷದ ಗಂಡಸು, ನೆಲ ನೋಡಿಕೊಂಡು ಹೇಳಿದ.

ಕೊನೆಗೆ ಮಾವ ತೋರಿಸಿದ ಜಾಗವೇ ಮರದ ಜಾಗ ಎಂದು ಒಪ್ಪಿಕೊಂಡೆವು. ಯಾರಾದರೂ ಒಪ್ಪಲೇಬೇಕಿತ್ತು. ಅಲ್ಲಿಂದ ಕೆಳಗೆ, ತಂತಿ ಜೋರಾಗಿ ಬಿದ್ದ ಕಡೆ, ಗ್ರಾನೈಟ್ ನೆಟ್ಟು ಬುಡಕ್ಕೆ ಕಾಂಕ್ರೀಟು ಹಾಕಿದೆವು. ಬಿಳಿ ಕಲ್ಲನ್ನು ಅದಕ್ಕೆ ಒರಗಿಸಿದೆವು. ಅತ್ತೆ ಹೆಸರಿನ ಮೇಲೆ ಬೆರಳಾಡಿಸಿದಳು. ಇಳಿಯುವಾಗ, "ಹೆಸರು ಬಂತಲ್ಲ, ಸಾಕು," ಎಂದಳು. ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಶುಕ್ರವಾರ ಮಧ್ಯಾಹ್ನ ಒಬ್ಬ ಮುದುಕ ಲೈಬ್ರರಿಗೆ ಬಂದರು. ಉದ್ದನೆಯ ಕಪ್ಪು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ರೈಲ್ವೆಯಲ್ಲಿದ್ದು ನಿವೃತ್ತರಾದ ರಾಯಲ್ ಪೆನಿಕ್, ಪಟ್ಟಣದ ರೈಲು ಹಳಿಯ ಆಚೆ, ಕಪ್ಪು ಜನರ ಕೇರಿಯಲ್ಲಿ ಮನೆ. ಪತ್ರಿಕೆಯ ಫೋಟೋ ಕತ್ತರಿಸಿ ತಂದಿದ್ದರು. ಮೇಜಿನ ಮೇಲಿಟ್ಟು ಅದರ ಮೂಲೆಗೆ ಬೆರಳಿಟ್ಟರು. ಅಲ್ಲಿ ಕಲ್ಲಿನ ರಾಶಿ, ಅದರ ನೆತ್ತಿಯಲ್ಲಿ ಒಂದು ಬಿಳಿ ಚುಕ್ಕೆ.

"ಈ ಬಿಳಿ ಕಲ್ಲು ನಮ್ಮಮ್ಮಂದು. ಇದು ಬೇಲಿ ಹತ್ರ ಯಾಕಿದೆ ಅಂತ ಕೇಳೋಣ ಅಂತ ಬಂದೆ."

ನನಗೆ ಅರ್ಥವಾಗಲಿಲ್ಲ. ಅದು ಬ್ರಷಿ ಫೋರ್ಕಿನ ಸ್ಮಶಾನ ಎಂದೆ.

"ಗೊತ್ತು. ನಾವು ಟ್ಯಾನರ್ ಗ್ಯಾಪಿನೋರು. ಹದಿನೆಂಟರಲ್ಲಿ ನಮ್ಮೂರಲ್ಲಿ ಗುಂಡಿ ತೋಡೋಕೆ ನಿಲ್ಲೋ ಗಂಡಸರು ಇರಲಿಲ್ಲ. ಎಲ್ಲ ಜ್ವರ ಬಂದು ಮಲಗಿದ್ರು. ನಿಮ್ಮೋರು ತೋಡಿಕೊಟ್ರು, ಅವರ ಜಾಗದಲ್ಲೇ. ಸೀಡರ್‌ನಿಂದ ಕೆಳಗೆ ನಿಮ್ಮೋರು, ಮೇಲೆ ನಮ್ಮೋರು, ಒಂಬತ್ತು ಜನ. ಅಮ್ಮ ಎರಡನೇ ಸಾಲು. ಡೋವಿ ಪೆನಿಕ್. ಕಲ್ಲು ನಮ್ಮಣ್ಣ ನೀರಿನ ಒರತೆ ಹತ್ರದಿಂದ ಹೊತ್ಕೊಂಡು ಬಂದ."

ಟ್ಯಾನರ್ ಗ್ಯಾಪ್ ಕಪ್ಪು ಜನರ ಊರು, ಅದಕ್ಕೆ ನಮ್ಮ ಪುಸ್ತಕದಲ್ಲಿ ಪುಟ ಇರಲಿಲ್ಲ. ಅಲ್ಲಿ ಈಗ ಯಾರೂ ಇಲ್ಲ, ಕೇಳುವುದು ಯಾರನ್ನು ಎಂದು ಸಮಿತಿ ಬಿಟ್ಟಿತ್ತು. ಅಲ್ಲಿಂದ ಬಂದವರು ಹಳಿಯ ಆಚೆಯೇ ಇದ್ದರು, ಲೈಬ್ರರಿಯಿಂದ ಐದು ನಿಮಿಷದ ದಾರಿ. ನಾನೂ ದಾಟಿರಲಿಲ್ಲ. ಬ್ರಷಿ ಫೋರ್ಕಿನ ಪುಟದಲ್ಲಿ, "ಈ ಸ್ಮಶಾನದಲ್ಲಿರುವವರೆಲ್ಲ ಸ್ಟಿಡಮ್ ಮತ್ತು ಅದರ ನೆಂಟ ಮನೆತನದವರು" ಎಂದು ಟೈಪು ಮಾಡಿ ಕೊಟ್ಟಾಗಿತ್ತು.

"ಕಲ್ಲಿನ ಸುತ್ತ ಪಿಂಗಾಣಿ ಚೂರು ಇರ್ಬೇಕು ನೋಡಿ," ಎಂದರು ಅವರು. "ನೀಲಿ ಅಂಚಿಂದು. ಅಮ್ಮ ಕೊನೆಗೆ ನೀರು ಕುಡಿದ ಹೂಜಿ. ಒಡೆದು ಗೋರಿ ಮೇಲೆ ಇಡೋದು ನಮ್ಮ ಪದ್ಧತಿ."

ಪಿಂಗಾಣಿ ಚೂರು ನನಗೆ ಸಿಕ್ಕಿತ್ತು. ಕುಡುಕರು ಬಂದು ಗಲೀಜು ಮಾಡಿದ್ದಾರೆ ಎಂದುಕೊಂಡು ಹಿಟ್ಟಿನ ಚೀಲಕ್ಕೆ ತುಂಬಿ ಕೌಂಟಿಯ ಕಸದ ಗುಂಡಿಗೆ ಎಸೆದು ಬಂದಿದ್ದೆ. ಅರ್ಧ ಚೀಲ. ಅವುಗಳ ಪಕ್ಕ ಬಿಳಿ ಕಲ್ಲು ಇತ್ತೇ? ಇತ್ತು ಅನ್ನಿಸಿತು. ಅವರು ಹೇಳಿದ್ದಕ್ಕೇ ಹಾಗೆ ಅನ್ನಿಸುತ್ತಿದೆಯೋ ಏನೋ. ಗುರುವಾರ ಅತ್ತೆ ಕೇಳಿದಾಗಲೂ ಹಾಗೇ ಆಗಿತ್ತು.

ಶನಿವಾರ ಬೆಳಗ್ಗೆ ಅತ್ತೆಯ ಅಡುಗೆಮನೆಗೆ ಹೋದೆ. ಅವಳು ಬಣ್ಣದ ಕಾಗದದ ಗುಲಾಬಿ ಮಾಡಿ, ಮಳೆಗೆ ನೆನೆಯದ ಹಾಗೆ ಕರಗಿಸಿದ ಮೇಣದಲ್ಲಿ ಅದ್ದುತ್ತಿದ್ದಳು. ಎಲ್ಲ ಹೇಳಿದೆ. ಅವಳು ಅದ್ದುವುದನ್ನು ನಿಲ್ಲಿಸಲಿಲ್ಲ.

"ಹಂಗಾದ್ರೆ ಗುರುವಾರ ಕೆಳಗಿಂದ ಅಂತ ಯಾಕೆ ಹೇಳ್ದೆ?"

"ನೀನು ಕೇಳ್ದೆ ಅಂತ."

"ಕೇಳಿದ್ದಕ್ಕೆಲ್ಲ ಉತ್ತರ ಕೊಡ್ಬೇಕು ಅಂತ ಲೈಬ್ರರೀಲಿ ಕಲಿಸಿದಾರಾ?" ಇನ್ನೊಂದು ಹೂವು ಅದ್ದಿದಳು. "ಆ ಪೆನಿಕ್ ಮನುಷ್ಯನ್ನ ನಾಳೆ ಬರೋಕೆ ಹೇಳು."

ಡೆಕೊರೇಷನ್ನಿಗೆ ಎಪ್ಪತ್ತು ಜನ ಬಂದಿದ್ದರು. ಹಾಡು, ಪ್ರಾರ್ಥನೆ ಎಲ್ಲ ಆಯಿತು. ಹೂವು ಹಿಡಿದ ಜನ ಹುಲ್ಲಿನ ಮೇಲೆ ಅಲ್ಲಿಂದಿಲ್ಲಿಗೆ ತಿರುಗಾಡಿದರು. ಎಲ್ಲಿಡಬೇಕೆಂದು ತಿಳಿಯದೆ ಬಹಳ ಜನ ಕಲ್ಲಿನ ರಾಶಿಯ ಮೇಲೆ ಇಟ್ಟರು, ಕೆಲವರು ಇದ್ದದ್ದು ಅದೊಂದೇ ಹೆಸರು ಎಂದು ಗ್ರಾನೈಟಿನ ಬುಡಕ್ಕೆ ಇಟ್ಟರು. ರಾಯಲ್ ಪೆನಿಕ್ ಗೇಟಿನ ಒಳಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅತ್ತೆ ಅವರ ಹತ್ತಿರ ಹೋದಳು.

"ನೀನು ರಾಯಲ್ ಅಲ್ವಾ? ನಿಮ್ಮ ಗಾಡಿ ಬಂದಿದ್ದು ನಂಗೆ ನೆನಪಿದೆ. ಕತ್ತೆ ಕಟ್ಟಿದ್ರು."

"ಹೇಸರಗತ್ತೆ ಅಮ್ಮನೋರೆ. ಗುಂಡಿ ನಿಮ್ಮಪ್ಪ ತೋಡಿದ್ದು. ನಿಮ್ಮಮ್ಮಂದು, ನಮ್ಮಮ್ಮಂದು, ಎರಡೂ ಒಂದೇ ವಾರದಲ್ಲಿ."

ಇಬ್ಬರಿಗೂ ಎಪ್ಪತ್ತೆಂಟು ವರ್ಷ.

"ಕಲ್ಲು ನಮ್ಮಪ್ಪ ತಂದಿದ್ದು ನಾನು ಕಣ್ಣಾರೆ ಕಂಡಿದೀನಿ," ಎಂದಳು ಅತ್ತೆ.

"ನಮ್ಮಣ್ಣ ತಂದಿದ್ದೂ ನಾನು ಕಂಡಿದೀನಿ ಅಮ್ಮನೋರೆ. ಅವನ ಹಿಂದೆ ನಡ್ಕೊಂಡು ಬಂದೆ."

"ಹಂಗಾದ್ರೆ ಎರಡು ಇದ್ವು."

"ಇರ್ಲೇಬೇಕು."

ಎಲ್ಲರೂ ರಾಶಿಯ ಕಡೆ ನೋಡಿದೆವು. ಅದರಲ್ಲಿ ಇನ್ನೊಂದು ಬಿಳಿ ಕಲ್ಲು ಇರಲಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ನೋಡಿದೆ. ಆಗ ಗಾರ್ಲೆಂಡ್ ಮಾವ ಕೆಮ್ಮಿದ.

"ಸೀಡರ್ ಕಿತ್ತ ಗುಂಡಿ ಬಹಳ ದೊಡ್ಡದಿತ್ತು," ಎಂದ. "ಮಣ್ಣು ಸಾಲ್ದೆ ಕೆಲವು ಕಲ್ಲು ಅದಕ್ಕೆ ಉರುಳಿಸ್ದೆ."

"ಎಷ್ಟು?"

"ಎಣಿಸ್ಲಿಲ್ಲ ಅಮ್ಮ."

"ಬಿಳೀದು ಇತ್ತಾ?"

"ಎಲ್ಲಾ ಮಣ್ಣು ಮೆತ್ಕೊಂಡಿತ್ತು. ಸಲಿಕೆ ತರ್ತೀನಿ, ಅಗೆದು ನೋಡೋಣ."

"ಎಲ್ಲಿ ಅಗೀತೀಯ?" ಎಂದಳು ಅತ್ತೆ.

ಅವನು ಗುರುವಾರ ತೋರಿಸಿದ ಜಾಗ ತೋರಿಸಿದ. ರಾಯಲ್ ತಲೆಯಾಡಿಸಿ, ಅದಲ್ಲ, ಮರ ಇನ್ನೂ ಎಡಕ್ಕಿತ್ತು ಎಂದರು. ಬಂದಿದ್ದ ಮುದುಕರು ಇನ್ನೂ ಮೂರು ಜಾಗ ಹೇಳಿದರು. ಒಬ್ಬ, ಮರ ಎರಡಿದ್ದವು ಎಂದ. ಮಾವ ಸಲಿಕೆ ತಂದು ನಿಂತಿದ್ದ.

"ಅದನ್ನ ಗಾಡಿಗೆ ಹಾಕು," ಎಂದಳು ಅತ್ತೆ. "ಕಲ್ಲು ಹುಡುಕೋಕೆ ಹೋಗಿ ಯಾರದೋ ಎಲುಬು ತೆಗೀತೀಯ. ಈಗ ಆಗಿರೋದು ಸಾಕು."

ಆಮೇಲೆ ಅವಳು ಗ್ರಾನೈಟಿನ ಹತ್ತಿರ ಹೋಗಿ, ಒರಗಿಸಿದ್ದ ಬಿಳಿ ಕಲ್ಲನ್ನು ಕೋಲಿನಿಂದ ತೋರಿಸಿದಳು.

"ರಾಯಲ್, ಇದನ್ನ ನೀನು ತಗೊ. ನಂಗೆ ಹೆಸರು ಬರೆದಿದ್ದು ಒಂದಿದೆ."

ರಾಯಲ್ ಬಗ್ಗಿ ಕಲ್ಲನ್ನು ಎತ್ತಿದರು. ತೂಕವಿತ್ತು, ನಾನು ಕೈಕೊಡಲು ಹೋದೆ, ಬೇಡ ಎಂದರು. ಎದೆಗವಚಿಕೊಂಡು ಮೇಲಿನ ಕಡೆ ಹತ್ತು ಹೆಜ್ಜೆ ನಡೆದರು. ನಿಂತರು. ಎಡಕ್ಕೆ ಸ್ವಲ್ಪ ಹೋದರು, ಮತ್ತೆ ನಿಂತರು. ನಮ್ಮ ಕಡೆ ತಿರುಗಿ ಕೇಳಿದರು:

"ಎಲ್ಲಿಡ್ಲಿ?"

ಅವರು ವಾಪಸು ಬಂದು ಕಲ್ಲನ್ನು ರಾಶಿಯ ಮೇಲೆ, ನಾನು ಏಪ್ರಿಲ್‌ನಲ್ಲಿ ಇಟ್ಟಿದ್ದ ಜಾಗದಲ್ಲೇ ಇಟ್ಟರು. ಅತ್ತೆ ಅದನ್ನು ನೋಡಿ ಮಗನನ್ನು ಕರೆದಳು.

"ಗಾರ್ಲೆಂಡ್, ಆ ಗ್ರಾನೈಟ್ ಕೀಳು."

"ಕಾಂಕ್ರೀಟ್ ಹಾಕಿದೀವಲ್ಲಮ್ಮ."

"ಮರಾನೇ ಕಿತ್ತೋನಿಗೆ ಅದೊಂದು ಕಷ್ಟನಾ? ಕಿತ್ತು ಗೇಟಿನ ಒಳಗಡೆ ನಿಲ್ಸು. ಅವ್ವ ಒಳಗಿದಾಳೆ ಅಂತ ಗೊತ್ತು. ಅಷ್ಟೇ ಗೊತ್ತು. ಗೊತ್ತಿಲ್ದಿರೋ ಕಡೆ ಹೆಸರು ನೆಟ್ರೆ ಅಲ್ಲಿರೋ ಇನ್ಯಾರನ್ನೋ ಅಳಿಸಿದಂಗೆ."

ಊಟದ ಹೊತ್ತಿಗೆ ಗ್ರಾನೈಟ್ ಗೇಟಿನ ಪಕ್ಕ ಬಂತು. ಅತ್ತೆ ಮೇಣದ ಗುಲಾಬಿಗಳನ್ನು ಬುಟ್ಟಿಯಿಂದ ತೆಗೆಯಲೇ ಇಲ್ಲ. ರಾಯಲ್ ಊಟಕ್ಕೆ ನಿಲ್ಲಲಿಲ್ಲ. ಅವಳು ಕಾಗದದಲ್ಲಿ ಸೇಬಿನ ಕೇಕಿನ ಎರಡು ತುಂಡು ಸುತ್ತಿ ಕೊಟ್ಟಳು, ಅವರು ಇಸಿದುಕೊಂಡರು.

ಅಕ್ಟೋಬರಿನಲ್ಲಿ ಅತ್ತೆ ತೀರಿಕೊಂಡಳು. ತಾಯಿಯ ಪಕ್ಕದಲ್ಲಿ ಹಾಕಬೇಕೆಂದು ಮೊದಲಿನಿಂದ ಹೇಳಿದ್ದರೂ ಪಕ್ಕ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಪಟ್ಟಣದ ಹೊಸ ಸ್ಮಶಾನದಲ್ಲಿ, ನಂಬರು ಹಾಕಿದ ಜಾಗದಲ್ಲಿ ಹೂತೆವು.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ನನ್ನ ಪುಟವನ್ನು ವಾಪಸು ತೆಗೆದುಕೊಂಡು ಮತ್ತೆ ಬರೆದೆ. ಸಮಿತಿ ಅದರ ಕೊನೆಯ ಪ್ಯಾರಾ ಹಾಕಲಿಲ್ಲ, ಜಾಗ ಸಾಲದು ಎಂದಿತು. ಆ ಪ್ಯಾರಾ ಇದು. ಬ್ರಷಿ ಫೋರ್ಕ್ ಸ್ಮಶಾನದಲ್ಲಿ ಕಿತ್ತ ಕಲ್ಲು: ರಾಶಿಯಲ್ಲಿ ಮೂವತ್ತೆಂಟು, ಗುಂಡಿಯಲ್ಲಿ ಎಷ್ಟೋ ತಿಳಿಯದು. ಆರ್ವಿಲ್ಲಾ (ವಿಲ್ಲಿ) ಸ್ಟಿಡಮ್ ನೆನಪಿನಿಂದ ಹೇಳಿದ ಹೆಸರು ಇಪ್ಪತ್ತೆರಡು. ರಾಯಲ್ ಪೆನಿಕ್ ಹೇಳಿದ ಹೆಸರು ಒಂಬತ್ತು. ಹೆಸರೂ ತಿಳಿಯದ ಕಲ್ಲು ಕನಿಷ್ಠ ಏಳು. ಸೀಡರ್ ಮರ ಒಂದು. ನೀಲಿ ಅಂಚಿನ ಪಿಂಗಾಣಿ ಅರ್ಧ ಚೀಲ. ಇಂಥವರು ಇಲ್ಲಿದ್ದಾರೆ ಎಂದು ಬೆರಳಿಟ್ಟು ತೋರಿಸಬಹುದಾದ ಗೋರಿ, ಒಂದೂ ಇಲ್ಲ.